ಅರ್ಧ ಹಾಡು ಈ ಡಿಸ್ಕಿನಲ್ಲಿ, ಅರ್ಧ ಆ ಡಿಸ್ಕಿನಲ್ಲಿ

ಈ ವಾರ ನೀವು ಕೇಳಬೇಕಿದ್ದದ್ದು ಶಿಗ್ಗಾಂವಿ ತಾಲೂಕಿನ ಅಜ್ಜರೊಬ್ಬರು ಹಾಡಿದ ಶಿಶುನಾಳ ಶರೀಫರ ತತ್ವಪದ. ಆ ರೆಕಾರ್ಡಿಂಗ್ ಈಗ ನನ್ನ ಹತ್ರ ಇಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿ, ಸವಣೂರಿನ ದೊಡ್ಡ ಹುಣಸೆಮರ, ಹಿರೇಕೆರೂರು ತಾಲೂಕಿನ ಅಬಲೂರು, ಈ ಮೂರೂ ಕಡೆ ಜನರನ್ನ ಮಾತಾಡಿಸಿದ್ದೂ ಅದರ ಜೊತೆಗೇ ಹೋಯ್ತು. ಫೋನ್‌ನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿದ್ದೆ. ಹಾಗಾಗಿ ಇವತ್ತು, ಅದನ್ನೆಲ್ಲ ನುಂಗಿದ ಕಂಪ್ಯೂಟರಿನ ಇತಿಹಾಸ.

ಪೆಟ್ಟಿಗೆ ನನಗೆ ಬಂದದ್ದು ಹಾನಗಲ್ಲಿನ ಡಿಟಿಪಿ ಅಂಗಡಿಯಿಂದ. ಅಂಗಡಿಯವರನ್ನ ನಾವೆಲ್ಲ ಕಾಕಾ ಅಂತೀವಿ. ಲಗ್ನಪತ್ರಿಕೆ ಮಾಡೋದು, ಮದುವೆ ವಿಡಿಯೋ ಎಡಿಟ್ ಮಾಡೋದು ಅವರ ಕೆಲಸ. ಅದರಲ್ಲಿ 500 ಜಿಬಿಯ ಎರಡು ಹಾರ್ಡ್‌ಡಿಸ್ಕ್, ಎರಡು ಆಪರೇಟಿಂಗ್ ಸಿಸ್ಟಮ್. ಆನ್ ಮಾಡಿದ್ರೆ ಕೇಳುತ್ತೆ: ವಿಂಡೋಸ್ ಬೇಕೋ, ಲಿನಕ್ಸ್ ಬೇಕೋ?

ಯಾಕೆ ಎರಡು? ಕನ್ನಡದ ಸಲುವಾಗಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಎರಡೂ ವಿಂಡೋಸಿನವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಹಳೇ ನುಡಿ ಕಡತಗಳಲ್ಲಿ ‘ಕ’ ಅನ್ನೋದು ನಿಜವಾದ ‘ಕ’ ಅಲ್ಲ. ಒಳಗೆ ಇರೋದು ಇಂಗ್ಲಿಷ್‌ನಂಥ ಬೇರೆ ಅಕ್ಷರ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆಗೆದ್ರೆ ಇಡೀ ಲಗ್ನಪತ್ರಿಕೆ ಕಲಸುಮೇಲೋಗರ. ಕಾಕಾನ ಗಿರಾಕಿಗಳೆಲ್ಲ ನುಡಿಯವರು. ಇತ್ತ ಲಿನಕ್ಸು 1991ರಿಂದ ಪುಕ್ಕಟೆ, ಗಿರಾಕಿ ತರೋ ಪೆನ್‌ಡ್ರೈವ್‌ಗಳ ವೈರಸ್ಸಿನ ಕಾಟವೂ ಕಡಿಮೆ. ಒಂದನ್ನ ಬಿಟ್ರೆ ಹೊಟ್ಟೆಪಾಡು ಹೋಗುತ್ತೆ, ಇನ್ನೊಂದನ್ನ ಬಿಟ್ರೆ ನೆಮ್ಮದಿ. ಎರಡನ್ನೂ ಇಟ್ಕೊಂಡ್ರು.

ಹೊಸದಾಗಿ ಹಾಕೋವಾಗ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. ಉಲ್ಟಾ ಮಾಡಿದ್ರೆ, ಹಳೇ ಮಷಿನ್‌ಗಳಲ್ಲಂತೂ, ವಿಂಡೋಸು ಡಿಸ್ಕಿನ ಮೊದಲ ತುಂಡಿನಲ್ಲಿರೋ ಬೂಟ್ ಕೋಡ್ ಅಳಿಸಿ ತನ್ನದೇ ಬರೆದುಕೊಳ್ಳುತ್ತೆ. ಡಿಸ್ಕು ಜೋಡಿಸಿದ್ದಂತೂ ಇನ್ನೂ ತಲೆನೋವು. ಮದರ್‌ಬೋರ್ಡ್ ಎರಡನ್ನೂ ಸೇರಿಸಿ ಒಂದೇ ಅಂತ ತೋರಿಸುತ್ತೆ, ವಿಂಡೋಸ್ ಡ್ರೈವರ್ ಹಾಕಿದ ಮೇಲೆ ಒಪ್ಪುತ್ತೆ. ಲಿನಕ್ಸ್ ಹಾಕೋವಾಗ ನನಗೆ ಕಂಡದ್ದು ಎರಡು ಬೇರೆಬೇರೆ ಡಿಸ್ಕು! ಅಲ್ಲೇ ಫಾರ್ಮ್ಯಾಟ್ ಒತ್ತಿದ್ರೆ ವಿಂಡೋಸ್ ಕಥೆ ಮುಗೀತಿತ್ತು. ಕಾಕಾ ಫೋನ್‌ನಲ್ಲಿ ‘ತಡಿಯೋ ತಮ್ಮಾ’ ಅಂದದ್ದಕ್ಕೆ ಉಳೀತು.

ಜೋಡಿಸೋದು ಅಂದ್ರೆ ಸ್ಟ್ರೈಪಿಂಗ್. ಒಂದು ಫೈಲನ್ನ ಸಣ್ಣ ಸಣ್ಣ ತುಂಡು ಮಾಡಿ, 64 ಕೆಬಿಯದು ಅಂತಿಟ್ಕೊಳ್ರಿ, ಮೊದಲನೇದು ಈ ಡಿಸ್ಕಿಗೆ, ಎರಡನೇದು ಆ ಡಿಸ್ಕಿಗೆ, ಮೂರನೇದು ಮತ್ತೆ ಈ ಕಡೆ. ಎರಡೂ ಒಟ್ಟಿಗೆ ಓದೋದರಿಂದ ವೇಗ ಹೆಚ್ಚೂ ಕಡಿಮೆ ದುಪ್ಪಟ್ಟು. ವಿಡಿಯೋ ಎಡಿಟ್ ಮಾಡೋರಿಗೆ ಇದು ಹಬ್ಬ. ಎಸ್‌ಎಸ್‌ಡಿಗೆ ದುಡ್ಡಿಲ್ಲದ ನನಗೂ.

ಇದಕ್ಕೆ ರೇಡ್ ಅನ್ನೋ ಹೆಸರು ಬಂದದ್ದು 1980ರ ದಶಕದ ಕೊನೆಯಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಒಂದು ಪ್ರಬಂಧ ಬರೆದ್ರು: ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನ ಸಾಲಾಗಿ ಜೋಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯೋ ಹಾಗೆ ಹೆಚ್ಚುವರಿ ಪ್ರತಿಯನ್ನೋ ಲೆಕ್ಕವನ್ನೋ ಇಡಿ ಅಂತ. ಅವರು ಹೇಳಿದ್ದು 1ರಿಂದ 5ರವರೆಗೆ ಐದು ಬಗೆ. ಏನನ್ನೂ ಹೆಚ್ಚುವರಿ ಇಡದೆ ಬರೀ ಹಂಚೋದಕ್ಕೆ ಆಮೇಲೆ ‘ರೇಡ್ ಸೊನ್ನೆ’ ಅಂದ್ರು. ಹೆಸರಲ್ಲೇ ಸೊನ್ನೆ ಇತ್ತು, ನಾನು ನೋಡಿದ್ದು ವೇಗ ಮಾತ್ರ.

ಬಿಕಾಂ ಮಾಡಿದವನು ನಾನು, ಲೆಕ್ಕ ಮೊದಲೇ ಹಾಕಬೇಕಿತ್ತು. ಒಂದು ಡಿಸ್ಕು ವರ್ಷದಲ್ಲಿ ಕೆಡೋ ಸಾಧ್ಯತೆ ನೂರಕ್ಕೆ 5 ಅಂತ ಹಿಡೀರಿ. ಎರಡೂ ಉಳಿಯೋ ಸಾಧ್ಯತೆ 0.95 ಗುಣಿಸು 0.95, ಅಂದ್ರೆ 0.9025. ಎಲ್ಲಾ ಹೋಗೋ ಅಪಾಯ ಸುಮಾರು ನೂರಕ್ಕೆ 10. ಅದೇ ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ ಇಟ್ಟಿದ್ರೆ, ಕಾಲು ಪ್ರತಿಶತ.

ಕಳೆದ ತಿಂಗಳು ಒಂದು ಡಿಸ್ಕು ‘ಟಿಕ್ ಟಿಕ್’ ಅನ್ನತೊಡಗಿತು. ಮರುದಿನ ಎರಡೂ ಓಎಸ್ ಏಳಲಿಲ್ಲ. ಇನ್ನೊಂದು ಡಿಸ್ಕು ಗಟ್ಟಿಮುಟ್ಟಾಗೇ ಇದೆ, ಅದರೊಳಗೆ ಅಜ್ಜರ ಹಾಡಿನ ಒಂದು ಬಿಟ್ಟು ಒಂದು ತುಂಡೂ ಇದೆ. ಕೇಳೋಕೆ ಬರಲ್ಲ.

ಪೆಟ್ಟಿಗೆ ಹೊತ್ಕೊಂಡು ಕಾಕಾನ ಹತ್ರ ಹೋದೆ. ಅವರು ಬೈಯಲಿಲ್ಲ. ಕಪಾಟು ತೆಗೆದು ಸೀಡಿಗಳ ಸಾಲು ತೋರಿಸಿದ್ರು, ಮೇಲೆ ಮಾರ್ಕರಿನಲ್ಲಿ ಮದುಮಕ್ಕಳ ಹೆಸರು. ‘ಆ ಡಿಸ್ಕಿನ್ಯಾಗ ನಾ ಕೆಲಸ ಮಾಡತಿದ್ದೆ ತಮ್ಮಾ, ಇಡತಿದ್ದಿಲ್ಲ. ಇಡೂದು ಇಲ್ಲಿ.’ ಇದನ್ನ ಪೆಟ್ಟಿಗೆ ಕೊಡೋವಾಗಲೇ ಹೇಳಬಹುದಿತ್ತಲ್ಲ ಅಂತ ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನೂ ಕೇಳಿರಲಿಲ್ಲ ಅನ್ನಿ.

ಈಗ ಬೇರೆ ಎರಡು ಡಿಸ್ಕು ಹಾಕಿದೀನಿ, ಒಂದರ ಪ್ರತಿ ಇನ್ನೊಂದರಲ್ಲಿ. ಅದೂ ಬ್ಯಾಕಪ್ ಅಲ್ಲ. ತಪ್ಪಿ ಡಿಲೀಟ್ ಒತ್ತಿದ್ರೆ ಎರಡರಲ್ಲೂ ಹೋಗುತ್ತೆ. ಅದಕ್ಕೆ ಇನ್ನೊಂದು ಡಿಸ್ಕು ಹಾವೇರಿಯ ಅಕ್ಕನ ಮನೆಯಲ್ಲಿದೆ.

ಅಜ್ಜರಿಗೆ ಫೋನ್ ಮಾಡೋಕೆ ಮೂರು ದಿನ ಧೈರ್ಯ ಸಾಲಲಿಲ್ಲ. ಮಾಡಿದಾಗ ನಕ್ಕರು. ‘ಅಮಾಸಿಗೆ ಭಜನಿ ಐತಿ, ಬಾರಪಾ. ಕೆಮ್ಮು ಜಾಸ್ತಿ ಆಗೇತಿ, ಹೋದ ಸಲದಂಗ ಬರಾಂಗಿಲ್ಲ’ ಅಂದ್ರು. ಹೋಗ್ತಾ ಇದೀನಿ. ಕಾಕಾನೂ ಬರ್ತಾರಂತೆ, ತಮ್ಮ ಹಳೇ ಕ್ಯಾಮೆರಾ ತಗೊಂಡು.