ಹಳೆಯ ದೋಣಿಯ ಆಯುಸ್ಸು

ನಾವು ದೋಣಿ ಎನ್ನುವುದನ್ನು ನೆರೆಮನೆಯ ಮಲೆಯಾಳಿಗರು ತೋಣಿ ಎನ್ನುತ್ತಾರೆ. ಹೆಸರಿನಲ್ಲಿ ಅಂತರ ಒಂದಕ್ಷರದ್ದು. ಈ ಕರಾವಳಿಯ ಬಡ ಮನೆಗಳು ಹಳೆಯ ದೋಣಿಯನ್ನು ಅಷ್ಟು ಕಾಲ ನಡೆಸಿಕೊಂಡು ಬಂದದ್ದು ಹೇಗೆ? ಅದರ ಗುಟ್ಟು ಹೊಲಿಗೆಯಲ್ಲಿದೆ.

ಹೌದು, ಹೊಲಿಗೆಯೇ. ಹಲಗೆಗಳ ಅಂಚಿಗೆ ತೂತು ಕೊರೆದು, ಕತ್ತದ ಹಗ್ಗದಿಂದ ಬಿಗಿದು ಹೊಲಿಯುತ್ತಿದ್ದರು. ಅದಕ್ಕೆ ಕಬ್ಬಿಣದ ಮೊಳೆ ಬೇಡ. 13ನೇ ಶತಮಾನದಲ್ಲಿ ಹೊರ್ಮುಜ್ ಬಂದರಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಅವು ಕಳಪೆ, ಅಪಾಯಕರ ಎಂದ. ಮುಂದಿನ ಶತಮಾನದಲ್ಲಿ ಮಂಗಳೂರಿನಿಂದ ಏಳಿಮಲೆಗೆ ಸಾಗಿದ ಇಬ್ನ್ ಬತೂತನ ಮಾತು ಬೇರೆ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂದು ಅವನು ಬರೆದಿಟ್ಟ.

ಹೊಲಿಗೆಗೆ ಇನ್ನೊಂದು ಗುಣವಿತ್ತು, ಅದನ್ನು ಬಿಚ್ಚಬಹುದು. ಒಂದು ಹಲಗೆ ಕೊಳೆತರೆ ಆಚಾರಿ ಹಗ್ಗ ಕತ್ತರಿಸಿ ಅದನ್ನಷ್ಟೇ ತೆಗೆದು, ಬೇರೆಯದನ್ನು ಕೂರಿಸಿ ಮತ್ತೆ ಹೊಲಿಯುತ್ತಿದ್ದ. ಹಗ್ಗಕ್ಕೆ ಬೇಕಾದ ನಾರು ಹೊಳೆಯಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯಿಂದ ಸಿಗುತ್ತಿತ್ತು. ಖರ್ಚಿಗಿಂತ ದುಡಿಮೆಯೇ ಹೆಚ್ಚು.

ಮರದ ದೋಣಿಯ ದೊಡ್ಡ ವೈರಿ ಉಪ್ಪುನೀರಿನ ಹಡಗುಹುಳು. ಹೆಸರಿಗೆ ಹುಳು, ನಿಜವಾಗಿ ಚಿಪ್ಪಿನ ಬಳಗದ ಜೀವಿ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ತೂತು, ಒಳಗೆಲ್ಲ ಸುರಂಗ. ಸಿಹಿನೀರಿನಲ್ಲಾಗಲಿ ಒಣಗಿದ ಮರದಲ್ಲಾಗಲಿ ಅದು ಬಹುಕಾಲ ಬದುಕದು. ದೋಣಿಯನ್ನು ದಡಕ್ಕೆಳೆದು ಒಣಗಿಸುವ ಪದ್ಧತಿಯ ಪ್ರಯೋಜನ ಇದು. ಮೈಗೆ ಬಳಿಯಲು ಬೂತಾಯಿಯ, ಅಂದರೆ ಮತ್ತಿಯ, ಎಣ್ಣೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಗೇರುಮರ ತಂದ ಮೇಲೆ, ಕಾಲಕ್ರಮದಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಸೇರಿತು. ಅದು ಚರ್ಮವನ್ನು ಸುಡುವಷ್ಟು ಖಾರ.

1953ರಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ನಾರ್ವೆಯ ನೆರವಿನ ಯೋಜನೆ ಆರಂಭವಾಗಿ ಯಂತ್ರದ ದೋಣಿಗಳು ಬಂದವು. 1980ರ ದಶಕದಲ್ಲಿ ನಾಡದೋಣಿಗಳಿಗೂ ಔಟ್‌ಬೋರ್ಡ್ ಇಂಜಿನ್ ಹತ್ತಿತು. ಬಳಿಕ ಪ್ಲೈವುಡ್, ಫೈಬರ್ ಹಬ್ಬಿದವು. ಫೈಬರಿಗೆ ಹುಳು ಹಿಡಿಯದು. ಹಳೆಯ ಮರದ ಮೈಗೂ ಫೈಬರ್ ಹೊದಿಕೆ ಹಾಕಬಹುದು. ಆದರೆ ಒದ್ದೆ ಮರದ ಮೇಲೆ ಹಾಕಿದರೆ ಒಳಗೊಳಗೇ ಕೊಳೆಯುತ್ತದೆ. ಮೊದಲು ಚೆನ್ನಾಗಿ ಒಣಗಿಸಬೇಕು.

ಹಳೆಯ ದೋಣಿ ಕೊಳ್ಳುವವರು ಬಣ್ಣ ನೋಡಿ ಮರುಳಾಗಬಾರದು. ತಳದ ಮರಕ್ಕೆ ಚೂರಿಮೊನೆ ಊರಿ ನೋಡಿ. ಮೆತ್ತಗೆ ಇಳಿದರೆ ಕೈಬಿಡಿ. ಹಲಗೆಗಳನ್ನು ತಟ್ಟಿ, ಸದ್ದು ಟೊಳ್ಳೋ ಗಟ್ಟಿಯೋ ಕೇಳಿ. ಕೈಯಲ್ಲಿರುವ ದುಡ್ಡನ್ನೆಲ್ಲ ಕ್ರಯಕ್ಕೇ ಸುರಿಯದೆ, ಮೊದಲ ವರ್ಷದ ರಿಪೇರಿಗೆಂದು ಒಂದು ಪಾಲು ತೆಗೆದಿಡಿ. ಅಗ್ಗಕ್ಕೆ ಸಿಕ್ಕಿದ ದೋಣಿ ಸಾಲಕ್ಕೆ ದೂಡುವುದು ಹೆಚ್ಚಾಗಿ ಈ ರಿಪೇರಿಯಲ್ಲೇ.

ಬಿಚ್ಚಿ ಕಟ್ಟಲು ಬರುವ ದೋಣಿ, ಕಟ್ಟಬಲ್ಲ ಆಚಾರಿ, ಇವೆರಡೂ ಇದ್ದಷ್ಟು ದಿನ ಹಳೆಯ ದೋಣಿ ಬಡವನಿಗೆ ಭಾರವಾಗಲಿಲ್ಲ. ಹೊಲಿಗೆ ಬಲ್ಲ ಕೈಗಳು ಇಂದು ಕಡಿಮೆಯಾಗುತ್ತಿವೆ. ನಿಮ್ಮೂರಿನಲ್ಲಿ ಅಂಥ ಹಿರಿಯರಿದ್ದರೆ, ಮಕ್ಕಳನ್ನು ಒಮ್ಮೆ ಅವರ ಬಳಿ ಕೂರಿಸಿ.