ಅಂಗಳಕ್ಕೆ ನಡೆದು ಬಂದ ಶಾಲೆ

ಎಳೆಯ ಮಕ್ಕಳ ಶಿಕ್ಷಣವನ್ನೇ ಕಾಯಕ ಮಾಡಿಕೊಂಡ ನಾವೆಲ್ಲರೂ ನೂತನ ಬಾಲ ಶಿಕ್ಷಣ ಸಂಘಕ್ಕೆ ಋಣಿಗಳು. ಸಂಘದ ನೂರರ ಈ ಶುಭಸಂದರ್ಭದಲ್ಲಿ ಅದರ ಜೀವಾಳವಾಗಿದ್ದ ಪದ್ಮಭೂಷಣ ತಾರಾಬಾಯಿ ಮೋಡಕ್ ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯ.

1892ರಲ್ಲಿ ಜನಿಸಿದ ತಾರಾಬಾಯಿಯವರು 1914ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದರು. ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲ ಹುದ್ದೆಯನ್ನು ಬಿಟ್ಟು, 1923ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ಅಲ್ಲಿ 1920ರಲ್ಲಿ ಬಾಲಮಂದಿರ ತೆರೆದಿದ್ದ ಗಿಜುಭಾಯಿ ಬಧೇಕಾ ಅವರು ಮಾಂಟೆಸ್ಸೊರಿ ಪದ್ಧತಿಯನ್ನು ಈ ನೆಲಕ್ಕೆ ಒಗ್ಗಿಸುತ್ತಿದ್ದರು. ಬೆತ್ತಕ್ಕೆ ಎಡೆಯಿಲ್ಲದ ಆ ಮಂದಿರದಲ್ಲಿ ಕಥೆ, ಹಾಡು, ಆಟಗಳೇ ಪಾಠಗಳು. ಅವರೊಡಗೂಡಿ 1926ರಲ್ಲಿ ಸಂಘವನ್ನು ಕಟ್ಟಿದ ತಾರಾಬಾಯಿಯವರು 'ಶಿಕ್ಷಣ ಪತ್ರಿಕಾ'ದ ಮೂಲಕ ಹೆತ್ತವರಿಗೂ ತಿಳಿಹೇಳಿದರು. ಮುಂದೆ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರವನ್ನು ನಡೆಸಿದರು.

ನಗರದಲ್ಲಿ ಬೆಳಗಿದ ದೀಪ ಹಳ್ಳಿಯನ್ನೂ ಮುಟ್ಟಬೇಕೆಂಬುದು ಅವರ ಹಂಬಲ. 1945ರಲ್ಲಿ, ಐವತ್ತು ದಾಟಿದ ಮೇಲೆ, ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಬಾಲವಿಧವೆಯಾಗಿಯೂ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರು ಬಲಗೈಯಾಗಿ ನಿಂತರು. ಆದರೆ ಬಡ ಆದಿವಾಸಿ ಮಕ್ಕಳು ಶಾಲೆಯತ್ತ ಸುಳಿಯಲಿಲ್ಲ. ಆಗ ಶಾಲೆಯೇ ಅವರ ಕೇರಿಗೆ ನಡೆಯಿತು. ಶಿಕ್ಷಕಿಯರು ಅಂಗಳ ಗುಡಿಸಿ, ಮಕ್ಕಳ ಮೈ ತೊಳೆದು, ತಲೆ ಬಾಚಿದ ಮೇಲೆಯೇ ಪಾಠ. ಎಣಿಕೆಗೆ ಬೆಣಚುಕಲ್ಲು, ಬೀಜ, ಕಪ್ಪೆಚಿಪ್ಪು. ಬಣ್ಣ ಗುರುತಿಸಲು ಎಲೆ, ಹೂವು. ದುಬಾರಿ ಪರಿಕರಗಳ ಹಂಗಿಲ್ಲದ ಈ ಅಂಗಳದ ಶಾಲೆಯೇ ಅಂಗನವಾಡಿ!

1957ರಲ್ಲಿ ಕೇಂದ್ರವು ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ 'ಕುರಣಶಾಲೆ' ನಡೆಯಿತು. 1962ರಲ್ಲಿ ಪದ್ಮಭೂಷಣ ಗೌರವ ಸಂದಿತು. 1973ರಲ್ಲಿ ತಾರಾಬಾಯಿಯವರು ಅಗಲಿದ ಬಳಿಕ ಅನುತಾಯಿಯವರು ಆ ಕೆಲಸವನ್ನು ಕೈಬಿಡದೆ ಮುನ್ನಡೆಸಿದರು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೂ ಅಂಗನವಾಡಿ ಎಂಬ ಹೆಸರೇ ನಿಂತಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಇಂದು ಆ ಹೆಸರನ್ನು ಅರಿಯದ ಹಳ್ಳಿಯಿಲ್ಲ. ಅದರ ಹಿಂದಿರುವ ತಾಯಿಯನ್ನು ಅರಿತವರು ಕಡಿಮೆ. ಪ್ರತಿ ಅಂಗನವಾಡಿಯ ಗೋಡೆಯ ಮೇಲೂ ತಾರಾಬಾಯಿಯವರ ಭಾವಚಿತ್ರ ಒಂದಿರಲಿ ಎಂಬುದು ನಮ್ಮ ಸವಿನಯ ವಿನಂತಿ.