ಸ್ಕಾಟ್ಲೆಂಡಿನ ಸ್ವಾತಂತ್ರ್ಯವಿಚಾರವೂ ಮತದಾರರ ಪ್ರಶ್ನಾಧಿಕಾರವೂ

ಅರಸರ ಶಾಸನಗಳೂ ಮಂತ್ರಿಗಳ ಭಾಷಣಗಳೂ ಚರಿತ್ರೆಯಲ್ಲಿ ಉಳಿದು ಬರುತ್ತವೆ. ಅವರನ್ನು ತಡೆದು ನಿಲ್ಲಿಸಿ ‘ಇದು ಹೇಗೆ?’ ಎಂದು ಕೇಳಿದ ಸಾಮಾನ್ಯ ಪ್ರಜೆಯ ಮಾತು ಪ್ರಾಯಿಕವಾಗಿ ಗಾಳಿಗೆ ಹೋಗುತ್ತದೆ. ಸ್ಕಾಟ್ಲೆಂಡು ದೇಶವು ಇಂಗ್ಲೆಂಡಿನೊಡನೆ ಕೂಡಿರಬೇಕೆ, ಬೇರೆಯಾಗಬೇಕೆ ಎಂಬ ವಿವಾದವು ಈ ಸಾಮಾನ್ಯ ನಿಯಮಕ್ಕೆ ಒಂದು ಅಪವಾದವಾಗಿದೆ. 2014ನೆಯ ಇಸವಿಯಲ್ಲಿ ಆ ದೇಶದ ಮತದಾರರು ತಮ್ಮ ನಾಯಕರನ್ನು ಕೇಳಿದ ಪ್ರಶ್ನೆಗಳೇ ವಿವಾದದ ಗತಿಯನ್ನು ಬಹುಮಟ್ಟಿಗೆ ನಿರ್ಣಯಿಸಿದುವು. ಸಮರ್ಪಕವಾದ ಉತ್ತರ ದೊರೆಯದೆ ನಿಂತ ಪ್ರಶ್ನೆಗಳು ವಿವಾದವು ಮುಗಿಯದಂತೆ ಮಾಡಿದುವು. ಆ ಪ್ರಶ್ನಾಧಿಕಾರವು ಪ್ರಜೆಗಳಿಗೆ ಯಾವ ಕ್ರಮದಿಂದ ಬಂದಿತು, ಅದಕ್ಕೆ ಉತ್ತರವಾದಿಗಳಾದವರು ಹೇಗೆ ನಡೆದುಕೊಂಡರು ಎಂಬ ಈ ಎರಡು ಅಂಶಗಳು ವಿಚಾರಣೀಯವಾಗಿವೆ.

ಮೊದಲು ಒಂದು ಪದದ ವಿಚಾರ. ಸ್ಕಾಟರ ನುಡಿಯಲ್ಲಿ ‘ಹೆಕ್ಲ್’ ಎಂಬ ಶಬ್ದವುಂಟು. ಅಗಸೆಯ ನಾರನ್ನು ಉಕ್ಕಿನ ಹಲ್ಲುಗಳುಳ್ಳ ಹಣಿಗೆಯಲ್ಲಿ ಎಳೆದು, ಸಿಕ್ಕು ಬಿಡಿಸಿ, ಕಸವನ್ನು ಬೇರ್ಪಡಿಸಿ, ನೂಲುವುದಕ್ಕೆ ಹದಮಾಡುವ ಕೆಲಸಕ್ಕೆ ಆ ಹೆಸರು. ಡಂಡೀ ಪಟ್ಟಣದ ಈ ವೃತ್ತಿಯವರು ರಾಜ್ಯವ್ಯವಹಾರಗಳಲ್ಲಿ ಬಹಳ ಆಸಕ್ತರೆಂದೂ, ಕಾರ್ಖಾನೆಯಲ್ಲಿ ಒಬ್ಬನು ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿರಲು ಉಳಿದವರು ಕೈಗೆಲಸವನ್ನು ಬಿಡದೆಯೇ ನಡುನಡುವೆ ಆಕ್ಷೇಪಿಸಿ ವಾದಿಸುತ್ತಿದ್ದರೆಂದೂ ಪ್ರಸಿದ್ಧಿಯುಂಟು. ಆ ಶಬ್ದವೇ ಮುಂದೆ ಲಕ್ಷಣಾವೃತ್ತಿಯಿಂದ, ಚುನಾವಣೆಗೆ ನಿಂತವನನ್ನು ತುಂಬಿದ ಸಭೆಯಲ್ಲಿ ಪ್ರಶ್ನೆಗಳಿಂದ ಪರೀಕ್ಷಿಸುವುದೆಂಬ ಅರ್ಥದಲ್ಲಿ ರೂಢವಾಯಿತು. ಭಾಷಣಕಾರನಿಗೆ ಕೂಗಿ ಅಡ್ಡಿಪಡಿಸುವುದೆಂಬ ಇಂದಿನ ಅರ್ಥವು ಆಮೇಲಿನದು. ಮೊದಲಿದ್ದುದು ಸಿಕ್ಕು ಬಿಡಿಸುವ ಭಾವವೇ. ಕನ್ನಡದಲ್ಲಿಯೂ ‘ಹಿಂಜು’ ಎಂಬ ಧಾತುವು ಅರಳೆಯ ಕೆಲಸದಿಂದ ಹೊರಟು ಮಾತಿನ ಕೆಲಸಕ್ಕೆ ಬಂದಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ನಾಯಕನನ್ನು ಹಿಂಜಿ ಕೇಳುವುದಕ್ಕೆ ಒಂದು ಜನತೆಯು ತನ್ನ ದುಡಿಮೆಯಿಂದಲೇ ಶಬ್ದವನ್ನು ಕಂಡುಕೊಂಡಿತೆಂಬುದು ಅಲ್ಪವಾದ ಸಂಗತಿಯಲ್ಲ.

ಆದರೆ ಎರಡು ರಾಜ್ಯಗಳು ಒಂದಾದ ಕಾಲದಲ್ಲಿ ಇಂತಹ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. 1603ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ದೊರೆಯು ಇಂಗ್ಲೆಂಡಿನ ಸಿಂಹಾಸನಕ್ಕೂ ಬಾಧ್ಯನಾದುದರಿಂದ ಕಿರೀಟಗಳು ಒಂದಾದುವು. ಪಾರ್ಲಿಮೆಂಟುಗಳು ಬೇರೆಬೇರೆಯಾಗಿಯೇ ಉಳಿದುವು. 1690ರ ದಶಕದಲ್ಲಿ ಅಮೆರಿಕಾ ಖಂಡದ ಡೇರಿಯನ್ ಎಂಬಲ್ಲಿ ವಸಾಹತನ್ನು ಸ್ಥಾಪಿಸಲು ಹೊರಟು ಸ್ಕಾಟರು ಅಪಾರವಾದ ಧನನಷ್ಟವನ್ನು ಹೊಂದಿದರು. ಈ ದೌರ್ಬಲ್ಯದ ಕಾಲದಲ್ಲಿ, 25 ವಿಧಿಗಳುಳ್ಳ ಐಕ್ಯದ ಒಪ್ಪಂದವು ಎಡಿನ್‌ಬರೊ ನಗರದ ಪಾರ್ಲಿಮೆಂಟಿನ ಮುಂದೆ ಬಂದಿತು. ಪಟ್ಟಣಗಳಿಂದಲೂ ಸೀಮೆಗಳಿಂದಲೂ ಅದರ ವಿರುದ್ಧವಾಗಿ ಬಿನ್ನವತ್ತಳೆಗಳು ಬಂದುವು, ಬೀದಿಗಳಲ್ಲಿ ಕ್ಷೋಭೆಯುಂಟಾಯಿತು. ಅವು ಯಾವುದಕ್ಕೂ ಉತ್ತರ ಹೇಳಬೇಕೆಂಬ ಕಟ್ಟುಪಾಡು ಸಭಾಸದರಿಗೆ ಇರಲಿಲ್ಲ. 1707ನೆಯ ಮೇ 1ನೆಯ ದಿನ ಐಕ್ಯವು ಜಾರಿಗೆ ಬಂದಿತು. ಆ ಒಪ್ಪಂದದ 16ನೆಯ ವಿಧಿಯು, ಇಂಗ್ಲೆಂಡಿನ ನಾಣ್ಯಕ್ಕಿರುವ ಮಟ್ಟವೂ ಬೆಲೆಯೂ ಐಕ್ಯರಾಜ್ಯದ ಎಲ್ಲೆಡೆಯಲ್ಲಿಯೂ ನಾಣ್ಯಕ್ಕೆ ಇರತಕ್ಕದ್ದೆಂದು ವಿಧಿಸಿತು. ಈ ನಾಣ್ಯದ ವಿಷಯವೇ 307 ವರ್ಷಗಳ ಮೇಲೆ ಪ್ರಶ್ನೆಯ ರೂಪದಿಂದ ಹಿಂದಿರುಗಿ ಬಂದುದನ್ನು ಮುಂದೆ ಕಾಣಬಹುದು.

ಐಕ್ಯವಾದ ಮೇಲೆಯೂ ಬಹುಕಾಲ ಪ್ರಶ್ನೆ ಕೇಳತಕ್ಕ ಮತದಾರರೇ ವಿರಳರಾಗಿದ್ದರು. 1832ರ ಸುಧಾರಣೆಗೆ ಮುನ್ನ, ಇಪ್ಪತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಆ ದೇಶದಲ್ಲಿ ಮತಾಧಿಕಾರವಿದ್ದವರು ಸುಮಾರು 4,500 ಮಂದಿ. ಸುಧಾರಣೆಯಾದ ಮೇಲೆ ಸುಮಾರು 65,000. ಮತವು ಹರಡಿದಷ್ಟೂ ಪ್ರಶ್ನೆಯೂ ಹರಡಿತು. ಆದರೂ ದೇಶದ ಆಳಿಕೆಯ ವಿಷಯದಲ್ಲಿ ಜನತೆಯ ಅಭಿಪ್ರಾಯವನ್ನು ನೇರವಾಗಿ ಕೇಳಿದುದು 1979ನೆಯ ಮಾರ್ಚಿ 1ರಂದೇ. ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆಯು ಬೇಕೆಂದು ಮತ ಕೊಟ್ಟವರಲ್ಲಿ ಶೇಕಡ 51.6ರಷ್ಟು ಜನರು ಹೇಳಿದರು. ಆದರೆ ಪಟ್ಟಿಯಲ್ಲಿರುವ ಎಲ್ಲ ಮತದಾರರಲ್ಲಿ ಶೇಕಡ 40ರಷ್ಟು ಮಂದಿಯಾದರೂ ಒಪ್ಪಿರಬೇಕೆಂದು ಲಂಡನ್ನಿನ ಪಾರ್ಲಿಮೆಂಟು ಮೊದಲೇ ನಿಯಮಿಸಿದ್ದುದರಿಂದ ಆ ಬಹುಮತವು ನಿಷ್ಫಲವಾಯಿತು. 1997ನೆಯ ಸೆಪ್ಟೆಂಬರ್ 11ರಂದು ಮರಳಿ ಕೇಳಿದಾಗ ಶೇಕಡ 74.3ರಷ್ಟು ಜನರು ಒಪ್ಪಿದರು. 1999ರಲ್ಲಿ 129 ಸದಸ್ಯರ ಪಾರ್ಲಿಮೆಂಟು ಎಡಿನ್‌ಬರೊ ನಗರದಲ್ಲಿ ಸೇರಿತು. 2011ರಲ್ಲಿ ಸ್ವಾತಂತ್ರ್ಯಪಕ್ಷವಾದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯು ಅದರಲ್ಲಿ 69 ಸ್ಥಾನಗಳನ್ನು ಪಡೆಯಿತು. ಇದರ ಫಲವಾಗಿ 2012ನೆಯ ಅಕ್ಟೋಬರ್ 15ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರನ್ ಅವರೂ ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ ಅಲೆಕ್ಸ್ ಸ್ಯಾಮಂಡ್ ಅವರೂ ಜನಮತಗಣನೆಗೆ ಸಮ್ಮತಿಸಿ ಒಡಂಬಡಿಕೆಗೆ ರುಜು ಹಾಕಿದರು.

ಮತಪತ್ರದ ಮೇಲಣ ವಾಕ್ಯವೇ ಮೊದಲನೆಯ ಚರ್ಚೆಗೆ ವಿಷಯವಾಯಿತು. ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುವಿರಾ ಎಂಬ ರೂಪದಲ್ಲಿ ಪ್ರಶ್ನೆಯಿರಬೇಕೆಂದು ಅಲ್ಲಿನ ಸರ್ಕಾರವು ಸೂಚಿಸಿತು. ‘ಒಪ್ಪುವಿರಾ’ ಎಂಬ ಕ್ರಿಯೆಯು ಒಪ್ಪಿಗೆಯ ಕಡೆಗೆ ಮನಸ್ಸನ್ನು ಒಲಿಸುತ್ತದೆಂದು ಚುನಾವಣಾ ಆಯೋಗವು ಜನರಲ್ಲಿ ಪರೀಕ್ಷೆಮಾಡಿ ಕಂಡುಕೊಂಡು, ಅದನ್ನು ತೆಗೆದು, ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆ ಎಂದಷ್ಟೇ ಕೇಳುವಂತೆ 2013ರ ಜನವರಿಯಲ್ಲಿ ಸಲಹೆಯಿತ್ತಿತು; ಸರ್ಕಾರವು ಅದನ್ನು ಅಂಗೀಕರಿಸಿತು. ಪ್ರಶ್ನೆಯ ಶಬ್ದವೇ ಉತ್ತರವನ್ನು ಬಾಗಿಸಬಲ್ಲುದೆಂಬ ವೈಯಾಕರಣರ ಎಚ್ಚರವು ಇಲ್ಲಿ ರಾಜ್ಯವ್ಯವಹಾರದಲ್ಲಿ ಆಚರಣೆಗೆ ಬಂದಿತು. ಅದೇ ವರ್ಷ ಹದಿನಾರು ವಯಸ್ಸು ತುಂಬಿದವರಿಗೂ ಮತಾಧಿಕಾರವು ದತ್ತವಾಯಿತು. ನವೆಂಬರ್ 26ರಂದು ಸರ್ಕಾರವು ಸ್ವತಂತ್ರರಾಜ್ಯದ ಸ್ವರೂಪವನ್ನು ನಿರೂಪಿಸುವ ಬೃಹದ್ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ 650 ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿತು. 1707ರಲ್ಲಿ ಬಿನ್ನವತ್ತಳೆಗಳಿಗೆ ಒಂದು ಉತ್ತರವೂ ದೊರೆಯದಿದ್ದುದನ್ನು ನೆನೆದರೆ ಈ ಅಂತರವು ಸ್ಪಷ್ಟವಾಗುತ್ತದೆ.

ಉತ್ತರಗಳ ಸಂಖ್ಯೆಯೊಂದೇ ಸಾಲದು. ಅವುಗಳ ಗುಣವನ್ನು ಪರೀಕ್ಷಿಸಲು ಒಂದು ಮಾನದಂಡವು ಬೇಕು. ಬೌದ್ಧರ ಅಭಿಧರ್ಮಗ್ರಂಥಗಳಲ್ಲಿ ಪ್ರಶ್ನೆಗಳು ನಾಲ್ಕು ವಿಧವೆಂದು ಹೇಳಿದೆ. ಹುಟ್ಟಿದವರೆಲ್ಲರೂ ಸಾಯುವರೆ ಎಂದರೆ ಹೌದೆಂದು ಒಂದೇ ಮಾತಿನಲ್ಲಿ ಹೇಳಬಹುದು. ಇದು ಏಕಾಂಶದಿಂದ ಉತ್ತರಿಸತಕ್ಕುದು. ಸತ್ತವರೆಲ್ಲರೂ ಮರಳಿ ಹುಟ್ಟುವರೆ ಎಂದರೆ ಕ್ಲೇಶವುಳ್ಳವರು ಹುಟ್ಟುವರು, ಕ್ಲೇಶವಿಲ್ಲದವರು ಹುಟ್ಟರು ಎಂದು ವಿಭಾಗಿಸಿ ಹೇಳಬೇಕು. ಮನುಷ್ಯನು ಉತ್ತಮನೆ, ಹೀನನೆ ಎಂದರೆ ಯಾರಿಗಿಂತ ಎಂದು ಮರುಪ್ರಶ್ನೆಯನ್ನು ಹಾಕಿಯೇ ಹೇಳಬೇಕು. ಬಂಜೆಯ ಮಗನು ಕಪ್ಪೋ ಬಿಳುಪೋ ಎಂಬಂತಹ, ನಿರ್ಣಯಕ್ಕೆ ಆಧಾರವಿಲ್ಲದ ಪ್ರಶ್ನೆಯನ್ನು ಬದಿಗಿಡಬೇಕು. ಒಂದು ವಿಧದ ಪ್ರಶ್ನೆಗೆ ಇನ್ನೊಂದು ವಿಧದ ಉತ್ತರವನ್ನು ಕೊಟ್ಟರೆ, ಹೇಳಿದ ಮಾತು ಸತ್ಯವಿದ್ದರೂ ಕೇಳಿದವನು ವಂಚಿತನಾಗುವನು.

ಈ ನಾಲ್ಕು ವಿಧಗಳೂ ಸ್ಕಾಟರ ಪ್ರಶ್ನೆಗಳಲ್ಲಿ ಕಾಣಬರುತ್ತವೆ. ಸ್ವತಂತ್ರವಾದರೂ ಎರಡನೆಯ ಎಲಿಜಬೆತ್ ರಾಣಿಯೇ ರಾಜ್ಯದ ಮುಖ್ಯಸ್ಥರಾಗಿರುವರೆ ಎಂದುದಕ್ಕೆ ಸರ್ಕಾರದ ಗ್ರಂಥವು ಹೌದೆಂದು ಏಕಾಂಶದಿಂದ ಹೇಳಿತು. ಅದು ಯುಕ್ತವಾದ ಉತ್ತರ. ಬೇರೆಯಾದರೆ ಜನರು ಹೆಚ್ಚು ಧನಿಕರಾಗುವರೆ ಎಂಬುದು, ಯಾರಿಗಿಂತ, ಎಷ್ಟು ಕಾಲದಲ್ಲಿ ಎಂದು ಮೊದಲು ಮರುಪ್ರಶ್ನೆಯನ್ನು ಬೇಡುವಂತಹದು. ಆದರೂ ಉಭಯಪಕ್ಷದವರೂ ಮನೆಯೊಂದಕ್ಕೆ ಇಷ್ಟು ಲಾಭ, ಇಷ್ಟು ನಷ್ಟವೆಂದು ಅಂಕಿಗಳನ್ನೇ ಮುಂದಿಟ್ಟರು. ಉತ್ತರ ಸಮುದ್ರದ ಎಣ್ಣೆಯ ಬೆಲೆಯು ಮುಂದೆ ಎಷ್ಟಿರುವುದೆಂಬುದು ಬದಿಗಿಡತಕ್ಕ ಪ್ರಶ್ನೆ. 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರಿಗೆ ಮೇಲ್ಪಟ್ಟಿದ್ದ ಆ ಬೆಲೆಯು 2015ರ ಜನವರಿಯಲ್ಲಿ 50 ಡಾಲರಿಗಿಂತ ಕೆಳಗೆ ಇಳಿಯಿತು. ತಿಳಿಯದೆಂದು ಹೇಳುವ ಧೈರ್ಯವೂ ಉತ್ತರವಾದಿಗೆ ಇರಬೇಕಾದ ಗುಣವೆಂಬುದಕ್ಕೆ ಇದು ನಿದರ್ಶನ.

ವಿಭಾಗಿಸಿ ಹೇಳಬೇಕಾದ ಪ್ರಶ್ನೆಗಳು ಎರಡು. ಪ್ರಮಾದಗಳು ಹೆಚ್ಚಾಗಿ ಅಲ್ಲಿಯೇ ನಡೆದುವು. ಮೊದಲನೆಯದು ನಾಣ್ಯದ ಪ್ರಶ್ನೆ. ಬೇರೆಯಾದ ಮೇಲೆ ಕೈಯಲ್ಲಿರುವ ಹಣ ಯಾವುದು? ಪೌಂಡನ್ನೇ ಇಂಗ್ಲೆಂಡಿನೊಡನೆ ಸಮಾನವಾಗಿ ಬಳಸುವುದು ಸ್ಯಾಮಂಡ್ ಅವರ ಉದ್ದೇಶ. 2014ನೆಯ ಫೆಬ್ರವರಿ 13ರಂದು ಅರ್ಥಸಚಿವ ಜಾರ್ಜ್ ಆಸ್ಬರ್ನ್ ಅವರು ಎಡಿನ್‌ಬರೊ ನಗರಕ್ಕೆ ಬಂದು, ಅಂತಹ ನಾಣ್ಯಸಂಬಂಧಕ್ಕೆ ಒಪ್ಪಲಾಗದೆಂದು ಸಾರಿದರು. ಹೀಗಿರಲು, ಲಂಡನ್ನು ಒಪ್ಪಿದರೆ ಹೀಗೆ, ಒಪ್ಪದಿದ್ದರೆ ಹಾಗೆ ಎಂದು ವಿಭಾಗಿಸುವುದೇ ಕ್ರಮ. ಆಗಸ್ಟ್ 5ರಂದು ಗ್ಲಾಸ್ಗೋ ನಗರದಲ್ಲಿ ದೂರದರ್ಶನದ ಮೂಲಕ ನಡೆದ ವಾದದಲ್ಲಿ, ಐಕ್ಯಪಕ್ಷದ ಮುಖಂಡರಾದ ಅಲಿಸ್ಟರ್ ಡಾರ್ಲಿಂಗ್ ಅವರು ಎರಡನೆಯ ಮಾರ್ಗ ಯಾವುದೆಂದು ಮತ್ತೆ ಮತ್ತೆ ಕೇಳಿದರೂ ಸ್ಯಾಮಂಡ್ ಅವರು ಪೌಂಡು ಸ್ಕಾಟರದೂ ಹೌದೆಂಬ ಏಕಾಂಶದ ಉತ್ತರವನ್ನೇ ಹಿಡಿದರು. ಸಭಿಕರ ಅಸಮಾಧಾನವು ಸಭೆಯಲ್ಲಿಯೇ ವ್ಯಕ್ತವಾಯಿತು. ಆಗಸ್ಟ್ 25ರ ಎರಡನೆಯ ವಾದದಲ್ಲಿ ಅವರು ಬೇರೆ ಮಾರ್ಗಗಳನ್ನೂ ಹೆಸರಿಸಿದರು. ಆ ದಿನ ವಾದದಲ್ಲಿ ಮೇಲುಗೈಯಾದವರು ಅವರೇ ಎಂದು ಹೆಚ್ಚು ಜನರು ಭಾವಿಸಿದರು. ಮತದಾರರಿಗೆ ಬೇಕಾಗಿದ್ದುದು ಆಶ್ವಾಸನೆಯಲ್ಲ, ವಿಭಾಗವೇ ಎಂಬುದು ಇದರಿಂದ ಊಹ್ಯವಾಗುತ್ತದೆ.

ಎರಡನೆಯದು ಯೂರೋಪಿನ ಪ್ರಶ್ನೆ. ಬ್ರಿಟನ್ನಿನಲ್ಲಿ ಉಳಿಯುವುದೇ ಯೂರೋಪಿಯನ್ ಒಕ್ಕೂಟದಲ್ಲಿ ಉಳಿಯುವುದಕ್ಕೆ ಖಚಿತವಾದ ದಾರಿಯೆಂದು ಐಕ್ಯಪಕ್ಷದವರು ಹೇಳಿದರು. ಆದರೆ 2015ರ ಚುನಾವಣೆಯಲ್ಲಿ ಗೆದ್ದರೆ ಒಕ್ಕೂಟದಲ್ಲಿರಬೇಕೆ ಬೇಡವೆ ಎಂಬುದನ್ನು ಜನಮತಕ್ಕೆ ಬಿಡುವುದಾಗಿ ಕ್ಯಾಮರನ್ ಅವರು 2013ರ ಜನವರಿಯಲ್ಲಿಯೇ ಮಾತು ಕೊಟ್ಟಿದ್ದರು. ಆದುದರಿಂದ ಇದೂ ವಿಭಾಗಿಸಿ ಹೇಳಬೇಕಾದುದೇ ಆಗಿದ್ದಿತು. ನಾಣ್ಯದಲ್ಲಿ ಸ್ವಾತಂತ್ರ್ಯಪಕ್ಷವು ಮಾಡಿದ ದೋಷವನ್ನೇ ಯೂರೋಪಿನ ವಿಷಯದಲ್ಲಿ ಐಕ್ಯಪಕ್ಷವು ಮಾಡಿತು. ದೋಷವು ಪಕ್ಷದ್ದಲ್ಲ, ಗೆಲ್ಲುವ ಆತುರದ್ದು.

ಮತದಾನಕ್ಕೆ ಒಂದು ವಾರದ ಮುಂಚೆ, ಸೆಪ್ಟೆಂಬರ್ 11ರಂದು, ಗ್ಲಾಸ್ಗೋ ನಗರದ ವಿಶಾಲವಾದ ಮಂದಿರದಲ್ಲಿ ಹದಿನಾರು ಹದಿನೇಳು ವಯಸ್ಸಿನ ಸುಮಾರು 7,500 ಮಂದಿ ಹೊಸ ಮತದಾರರು ಸೇರಿ ನಾಯಕರನ್ನು ಪ್ರಶ್ನಿಸಿದರು. ನಿಕೋಲಾ ಸ್ಟರ್ಜನ್, ಪ್ಯಾಟ್ರಿಕ್ ಹಾರ್ವಿ ಅವರು ಒಂದು ಕಡೆಯಲ್ಲಿಯೂ, ರೂತ್ ಡೇವಿಡ್‌ಸನ್, ಜಾರ್ಜ್ ಗ್ಯಾಲೋವೇ ಅವರು ಇನ್ನೊಂದು ಕಡೆಯಲ್ಲಿಯೂ ಉತ್ತರವಾದಿಗಳಾಗಿದ್ದರು. 1832ಕ್ಕೆ ಮುನ್ನ ಇಡೀ ದೇಶದಲ್ಲಿದ್ದ ಮತದಾರರಿಗಿಂತ ಈ ಒಂದು ಮಂದಿರದಲ್ಲಿದ್ದ ಮತದಾರರ ಸಂಖ್ಯೆಯೇ ಹೆಚ್ಚು. ಸೆಪ್ಟೆಂಬರ್ 18ರಂದು ಮತದಾರರಲ್ಲಿ ಶೇಕಡ 84.6ರಷ್ಟು ಮಂದಿ ಮತವಿತ್ತರು. ಬೇಡವೆಂದವರು 20,01,926, ಬೇಕೆಂದವರು 16,17,989. ಶೇಕಡಾವಾರು ಲೆಕ್ಕದಲ್ಲಿ 55.3, 44.7.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಜನರು ಅಭಿಮಾನದಿಂದಲೋ ಭಯದಿಂದಲೋ ಮತ ಹಾಕುವರಲ್ಲದೆ ಪ್ರಶ್ನೋತ್ತರಗಳನ್ನು ತೂಗಿ ಹಾಕುವುದಿಲ್ಲ, ಅದಕಾರಣ ಈ ಪ್ರಶ್ನೆಗಳೆಲ್ಲ ಕೇವಲ ವಿನೋದವೆಂದು. ಇದಕ್ಕೆ ಸಮಾಧಾನವೇನೆಂದರೆ, ಪ್ರಶ್ನೆಯ ಫಲವು ಮತದಾನದ ದಿನಕ್ಕೆ ಮುಗಿಯುವುದಿಲ್ಲ. ಸಭೆಯಲ್ಲಿ ಕೊಟ್ಟ ಉತ್ತರವು ಕೊಟ್ಟವನ ಮೇಲೆ ಋಣವಾಗಿ ನಿಲ್ಲುತ್ತದೆ. 2016ನೆಯ ಜೂನ್ 23ರಂದು ಸ್ಕಾಟರಲ್ಲಿ ಶೇಕಡ 62ರಷ್ಟು ಮಂದಿ ಯೂರೋಪಿನ ಒಕ್ಕೂಟದಲ್ಲಿಯೇ ಉಳಿಯಲು ಮತವಿತ್ತರೂ, ಬ್ರಿಟನ್ನಿನ ಒಟ್ಟು ಮತದಾನದಲ್ಲಿ ಶೇಕಡ 51.9ರಷ್ಟು ಮಂದಿ ಬಿಡಲು ನಿರ್ಧರಿಸಿದುದರಿಂದ, 2020ನೆಯ ಜನವರಿ 31ರಂದು ಸ್ಕಾಟ್ಲೆಂಡೂ ಹೊರಗಾಯಿತು. ಮರಳಿ ಜನಮತವನ್ನು ಕೇಳಬೇಕೆಂಬವರ ಮುಖ್ಯಹೇತುವು 2014ರಲ್ಲಿ ಕೊಟ್ಟ ಆ ಉತ್ತರವೇ ಆಯಿತು. ಕೂಡದೆಂಬವರು ಜನತೆಯು ಒಮ್ಮೆ ನಿರ್ಣಯಿಸಿದುದನ್ನೂ, ನಾಣ್ಯದ ಪ್ರಶ್ನೆಯು ಹಾಗೆಯೇ ನಿಂತಿರುವುದನ್ನೂ ಮುಂದಿಟ್ಟರು. ಹೀಗೆ ಉಭಯರ ಆಯುಧಗಳೂ ಹಳೆಯ ಪ್ರಶ್ನೆಗಳಿಂದಲೇ ಬಂದುವು.

ಕಡೆಗೆ ವಿವಾದವು ಮೂಲಕ್ಕೆ ಹಿಂದಿರುಗಿತು. 2022ರಲ್ಲಿ ಸ್ಟರ್ಜನ್ ಅವರ ಸರ್ಕಾರವು 2023ನೆಯ ಅಕ್ಟೋಬರ್ 19ರಂದು ಅದೇ ವಾಕ್ಯದಿಂದ ಜನತೆಯನ್ನು ಕೇಳಬೇಕೆಂದು ಸಂಕಲ್ಪಿಸಿತು. ಎಡಿನ್‌ಬರೊ ನಗರದ ಪಾರ್ಲಿಮೆಂಟಿಗೆ ತನ್ನಷ್ಟಕ್ಕೆ ಅಂತಹ ಶಾಸನವನ್ನು ಮಾಡುವ ಅಧಿಕಾರವಿಲ್ಲವೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರೂ 2022ನೆಯ ನವೆಂಬರ್ 23ರಂದು ಏಕಮತದಿಂದ ತೀರ್ಪಿತ್ತರು. ಉತ್ತರವು ಯಾವುದೆಂಬುದಕ್ಕಿಂತ ಮೊದಲು, ಪ್ರಶ್ನೆಯನ್ನು ಕೇಳಲು ಅಧಿಕಾರಿಯು ಯಾರೆಂಬುದೇ ವಿಚಾರಕ್ಕೆ ಬಂದಿತು.

ಆದುದರಿಂದ ಈ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. 1707ರ ಐಕ್ಯಕ್ಕೆ ಶಾಸನದ ಬಲವಿದ್ದಿತು, ಪ್ರಶ್ನೆಯ ಬಲವಿರಲಿಲ್ಲ. ಅದಕಾರಣ ಮೂರು ಶತಮಾನಗಳ ಮೇಲೆಯೂ ಅದನ್ನು ಜನತೆಯ ಮುಂದೆ ಮರಳಿ ತರಬೇಕಾಯಿತು. 2014ರ ನಿರ್ಣಯಕ್ಕೆ ಪ್ರಶ್ನೆಯ ಬಲವಿದ್ದಿತು. ಎಲ್ಲೆಲ್ಲಿ ಉತ್ತರವು ಪ್ರಶ್ನೆಯ ಸ್ವರೂಪಕ್ಕೆ ಅನುಗುಣವಾಗಲಿಲ್ಲವೋ ಅಲ್ಲಲ್ಲಿ ಮಾತ್ರ ಅದು ಸಡಿಲವಾಯಿತು. ಡಂಡೀ ಪಟ್ಟಣದ ಕಾರ್ಮಿಕನು ನಾರನ್ನು ಹಣಿಗೆಗೆ ಕೊಟ್ಟು ಎಳೆದುದು ಅದನ್ನು ಹರಿಯುವುದಕ್ಕಲ್ಲ, ಗಟ್ಟಿಯಾದ ಎಳೆ ಯಾವುದೆಂದು ತಿಳಿಯುವುದಕ್ಕೆ. ಸಿಕ್ಕು ಬಿಡಿಸದೆ ನೂತ ನೂಲು ಮಗ್ಗದಲ್ಲಿ ತುಂಡಾಗುವುದು.